ಗಂಟೆಗೆ ಎರಡು ಮಿಲಿಮೀಟರ್

ಲೆಸ್ಟರಿನ ಈ ಕಟ್ಟಡದ ತಾರಸಿಯ ಮೇಲೆ
ಒಂದು ಯಂತ್ರ ಕೂತಿದೆ. ಬೆನ್ನಿಗೆ ತಗಡಿನ ಬಾಲ.
ಗಾಳಿ ಬಂದತ್ತ ಮುಖ ತಿರುಗಿಸುತ್ತದೆ
ಯಾರೋ ಹೆಸರು ಹಿಡಿದು ಕರೆದಂತೆ.
ನಿಮಿಷಕ್ಕೆ ಹತ್ತು ಲೀಟರ್ ಒಳಗೆಳೆಯುತ್ತದೆ,
ಹೆಚ್ಚುಕಡಿಮೆ ಒಬ್ಬ ಮನುಷ್ಯನಷ್ಟು.
ಗಾಳಿಯನ್ನೇನೋ ಹಿಂದಿನಿಂದ ಬಿಟ್ಟುಬಿಡುತ್ತದೆ;
ಗಾಳಿ ಹೊತ್ತು ತಂದದ್ದನ್ನು ಬಿಡುವುದಿಲ್ಲ,
ಸುಖದುಃಖ ಕೇಳದ ಸುಂಕದವನು.

ಒಳಗೆ ಉರುಳೆ, ಉರುಳೆಗೆ ಅಂಟು ಸವರಿದ ಪಟ್ಟಿ.
ಗಂಟೆಗೆ ಎರಡು ಮಿಲಿಮೀಟರ್ ಸರಿಯುತ್ತದೆ.
ಸೋಮವಾರ ಬಿಚ್ಚಿ ತರುವವಳು ನಾನು.
ಏಣಿ ಹಿಡಿಯುವವನು ಕಟ್ಟಡ ನೋಡಿಕೊಳ್ಳುವ ಕ್ಲೆಮೆಂಟ್ ಪಿನ್ನಕ್,
ಅರವತ್ತೊಂದು, ಜೇಬಿನಲ್ಲಿ ಸದಾ ನೀಲಿ ಪಂಪು.

ಕಸುಬೇನು ಎಂದವರಿಗೆ ಬೂಷ್ಟು ಎಣಿಸುತ್ತೇನೆ ಎನ್ನುತ್ತೇನೆ.
ಅಮ್ಮ ಫೋನಿನಲ್ಲೇ ನಕ್ಕಿದ್ದಳು:
"ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದವಳಿಗೆ
ಸರಿಯಾದ ಶಿಕ್ಷೆ."

ಮಸೂರದಡಿ ಎಲ್ಲರೂ ಪರಿಚಯದವರು.
ಚೆಲ್ಲಿದ ನುಚ್ಚಿನಂಥವು, ಲೆಕ್ಕಕ್ಕೆ ಸಿಗದಷ್ಟು.
ವಿಕ್ಟೋರಿಯಾ ಪಾರ್ಕಿನ ನಾಯಿಕೊಡೆಗಳು ಇರುಳು ಉದುರಿಸಿದ
ಹುಣಸೆಬೀಜದ ಬಣ್ಣದವು.
ಮತ್ತೆ ಗದೆಗಳು: ತಲೆ ದಪ್ಪ, ಹಿಡಿ ಸಣ್ಣ,
ಮೈತುಂಬ ಇಟ್ಟಿಗೆ ಜೋಡಿಸಿದ ಗೆರೆ.
ಇವಕ್ಕೆ ಹೆದರಬೇಕು.

ಆಗಸ್ಟಿನಲ್ಲಿ ಊರಾಚೆ ಬಾರ್ಲಿ ಕೊಯ್ಲು.
ಒಣದಂಟು ಬಡಿದಷ್ಟೂ ಕಂದು ಹೊಗೆ ಎದ್ದು
ನಾರ್ಬರೋ ರಸ್ತೆಗೆ ಬರುತ್ತದೆ, ಬಸ್ಸಿನ ಸೀಟಿಗೆ,
ಹೊರಗೆ ಒಣಹಾಕಿದ ಶಾಲೆಯ ಅಂಗಿಗೆ,
ಮಲಗಿದವರ ಮೂಗಿಗೆ.

ಗುರುವಾರ ರಾತ್ರಿ ಗುಡುಗು. ಮಳೆ ಹತ್ತೇ ನಿಮಿಷ.
ಮಣ್ಣಿನ ವಾಸನೆಗೆಂದು ಕಿಟಕಿ ತೆರೆದೆ, ಹಳೆಯ ಚಾಳಿ.
ಎರಡು ಬೀದಿ ಆಚೆ
ಕ್ಲೆಮೆಂಟನೂ ತೆರೆದಿದ್ದನಂತೆ.

ಸೋಮವಾರ ಏಣಿ ಹಿಡಿದವನು ಬೇರೊಬ್ಬ ಹುಡುಗ.
ಕೇಳಿದ್ದಕ್ಕೆ ಆಸ್ಪತ್ರೆಯ ಹೆಸರು ಹೇಳಿದ,
ವಾರ್ಡು ಗೊತ್ತಿಲ್ಲ ಎಂದ.

ಗುರುವಾರವನ್ನು ಕತ್ತರಿಸಿ ಗಾಜಿನ ಮೇಲಿಟ್ಟೆ.
ನಲವತ್ತೆಂಟು ಮಿಲಿಮೀಟರಿನ ದಿನ.
ಹತ್ತರಿಂದ ಹನ್ನೊಂದರ ನಡುವೆ, ಕಡಲೆಬೇಳೆಯೂ ಹಿಡಿಸದ ಜಾಗದಲ್ಲಿ,
ಗದೆ, ಗದೆ, ಮುರಿದ ಗದೆ, ಗದೆಯ ಮೇಲೆ ಗದೆ.
ಎಣಿಸಿದೆ. ತಪ್ಪಿತು. ಮತ್ತೆ ಮೊದಲಿಂದ.
ಇನ್ನೂರು ದಾಟಿದ ಮೇಲೆ ಅಂಕಿ ಅಂಕಿಯಾಗಿ ಉಳಿಯಲಿಲ್ಲ:
ಇದು ಆತ ಕತ್ತಲಲ್ಲಿ ಚಿಲಕ ತಡಕಿದ್ದು,
ಇದು ಮೆಟ್ಟಿಲ ಮೇಲೆ ಕುಕ್ಕರಿಸಿದ್ದು,
ಇದು ಫೋನು ಒತ್ತಿ, ಆ ಕಡೆ ಹಲೋ ಹಲೋ ಎಂದರೂ
ಮಾತು ಹೊರಡದೆ ನಿಂತದ್ದು.
ವರದಿಯಲ್ಲಿ ನಾನು ಬರೆಯಬೇಕಾದದ್ದು ಒಂದೇ ಪದ.
'ಹೆಚ್ಚು' ಎಂದು ಬರೆದೆ.

ಮೂರು ವಾರದ ಮೇಲೆ ಬಂದ. ಕಾಲರಿನೊಳಗೆ ಕತ್ತು ಸಡಿಲ.
"ನನ್ನದು ಯಾವುದು, ತೋರಿಸು."
ಗಾಜು ತೆಗೆದು ತಿರುಪು ತಿರುಗಿಸಿ ಎದ್ದು ನಿಂತೆ.
ಬಹಳ ಹೊತ್ತು ಒಂದೇ ಕಣ್ಣಲ್ಲಿ ನೋಡಿದ.
"ಇಷ್ಟು ಚಿಕ್ಕದಕ್ಕೆ ಇಷ್ಟೊಂದು ಕುಸುರಿಯೇ," ಎಂದ.
ಆಮೇಲೆ, ಗಾಜಿಗೇ ಹೇಳುವವನಂತೆ:
"ಎಳೆದುಕೊಳ್ಳುವುದು ಕಷ್ಟ ಅಂದುಕೊಂಡಿರುತ್ತಾರೆ ಜನ.
ಅಲ್ಲ. ತುಂಬಿಕೊಂಡೇ ಇರುತ್ತದೆ. ಬಿಡಲಿಕ್ಕಾಗುವುದಿಲ್ಲ."

ನಾನು ಡಬ್ಬಿಯ ಮುಚ್ಚಳ ಹುಡುಕಿದೆ. ಕೈಯಲ್ಲೇ ಇತ್ತು.

ಇವತ್ತು ಏಣಿಯ ಮೂರನೇ ಮೆಟ್ಟಿಲಲ್ಲಿ
ನನಗೊಂದು ಸೀನು. ಒಂದೇ.
ನಮ್ಮಲ್ಲಿ ಒಂಟಿ ಸೀನಿಗೆ ಹೊರಟ ಕಾಲು ಹಿಂದೆ ಬರುತ್ತದೆ, ಎಂದೆ.
ಕ್ಲೆಮೆಂಟ್ ವಾದಿಸಲಿಲ್ಲ.
ಇಳಿದು ನಿಂತೆ. ಇನ್ನೊಂದಕ್ಕೆ ಕಾಯುತ್ತಾ ಇಬ್ಬರೂ,
ಬಾಯಿ ಅರೆತೆರೆದು ನಾನು,
ಏಣಿಯ ಕೈ ಬಿಡದೆ ಆತ.
ಮೇಲೆ
ತಗಡಿನ ಬಾಲ ಕಿರ್ರೆಂದು
ಅದು ಬೇರೆಲ್ಲಿಗೋ ಮುಖ ತಿರುಗಿಸಿತು.