ರಸೀದಿ ಸಂಖ್ಯೆ ೮೬೧

ನಾನು ನೀರಿನ ಕಂದಾಯದವನು.
ಪೇಟೆ ಬೀದಿಯ ಮೂರು ವಾರ್ಡಿನ ನಲ್ಲಿಗಳು
ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಬಿಕ್ಕುತ್ತಿದ್ದವು.
ಆ ವರ್ಷ ನೀರು ಬಿಡಿಸಿ ಮುಖದ ಲೆಕ್ಕಕ್ಕೆ ಹಾಕಿದರು:
ಮೂಗು ಬಾಯಿ ಕಂಡರೆ ನೂರು ರೂಪಾಯಿ,
ದಿನಕ್ಕೆ ಮೂವತ್ತು ಮುಖ ಕಡ್ಡಾಯ.
ಜೊತೆಗೊಬ್ಬ ಹೋಂಗಾರ್ಡು, ಒಂದು ಕಾರ್ಬನ್ ಹಾಳೆ,
ಹಳದಿ ರಟ್ಟಿನ ಪುಸ್ತಕ.

ಮಂಡ್ಯದ ಜನ ನನ್ನನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದರು.
ಗಲ್ಲಕ್ಕೆ ಜೋತ ಬಟ್ಟೆ ಮೂಗಿಗೇರುತ್ತಿತ್ತು,
ದಾಟಿದೊಡನೆ ಮತ್ತೆ ಗಲ್ಲಕ್ಕೆ.
ಬೈಕಿನ ಮೇಲೆ ಮೂವರು, ಮಾಸ್ಕು ಒಂದು:
ಮುಂದಿನವನು ತೋರಿಸಿ ಪಾರಾಗಿ
ಹಿಂದಿನವನಿಗೆ ದಾಟಿಸಿದ್ದು ಕಂಡು
ಹೋಂಗಾರ್ಡು ನಕ್ಕ. ನಾನೂ ನಕ್ಕೆ.
ನಕ್ಕದ್ದು ನಿಜ, ಅದನ್ನೂ ಬರೆದುಕೊಳ್ಳಿ.

"ಎಲ್ಲದೆ ಸಾ ಕೊರೋನಾ?
ದೊಡ್ಡಾಸ್ಪತ್ರೇಲೇ ಮಂಚ ಎತ್ತವ್ರಂತೆ."
ಎತ್ತಿದ್ದರು. ಸುತ್ತೋಲೆ ಬಂದಿತ್ತು:
ಕಾಯಿಲೆ ಇಳಿಮುಖ,
ಹೆಚ್ಚುವರಿ ಮಂಚಗಳನ್ನು ಹಾಸ್ಟೆಲಿಗೆ ವಾಪಸ್ಸು ಮಾಡತಕ್ಕದ್ದು,
ದಂಡ ವಸೂಲಿ ಮಾತ್ರ ಮುಂದುವರಿಸತಕ್ಕದ್ದು.
ಮಂಚ ಇಳಿಸಿದ ಲಾರಿಯವನಿಗೂ ಮಾಸ್ಕಿರಲಿಲ್ಲ.
ಬರೆದೆ. ಅಂದಿನ ಇಪ್ಪತ್ತೆಂಟನೆಯದು.

ಮಾರ್ಚಿಯ ಒಂದು ಗುರುವಾರ.
ನೂರಡಿ ರಸ್ತೆಯ ಆಚೆ ಛತ್ರ. ಬಾಗಿಲಿಗೆ
ಮೊಹರು ಬಿದ್ದ ಅನುಮತಿ, ಇನ್ನೂರು ಜನಕ್ಕೆ.
ಊಟದ ಎಲೆ ಒಂದೂಕಾಲು ಸಾವಿರ
(ಎಣಿಸಿದ್ದು ಅಡುಗೆಯವನು, ನಾನಲ್ಲ).
ಮೊದಲ ಪಂಕ್ತಿಯಲ್ಲಿ ವಾರ್ಡಿನ ಮೆಂಬರು,
ಎದುರಿಗೆ ನಮ್ಮ ಹೆಲ್ತ್ ಇನ್ಸ್‌ಪೆಕ್ಟರು,
ಇಬ್ಬರ ಬಾಯಲ್ಲೂ ಕಾಯೊಬ್ಬಟ್ಟು.
ನನಗಿನ್ನೂ ಒಂದು ಮುಖ ಬೇಕಿತ್ತು.

ಚಪ್ಪರದ ಮೂಲೆಯಲ್ಲಿ ಬ್ಯಾಂಡ್‌ಸೆಟ್ಟಿನ ಕೆಂಪನಂಜಯ್ಯ
ಕ್ಲಾರಿನೆಟ್ಟಿನ ತುದಿಯನ್ನು ನಾಲಿಗೆಯಲ್ಲಿ ನೆನೆಸುತ್ತಿದ್ದ.
ಹತ್ತು ತಿಂಗಳ ಮೇಲೆ ಅವನಿಗದು ಮೊದಲ ಮದುವೆ.
ಕೋಟಿನ ಹಿತ್ತಾಳೆ ಗುಂಡಿ ಎರಡು ಉದುರಿದ್ದವು.
"ಮಾಸ್ಕ್ ಹಾಕ್ಕಂಡು ಊದದೆಂಗೆ ಸಾಮಿ?
ನೀವೇ ಒಂದ್ಸಲ ಊದಿ ತೋರ್ಸಿ."
ಕೊಂಕಲ್ಲ. ನಿಜಕ್ಕೂ ಕ್ಲಾರಿನೆಟ್ಟು ಚಾಚಿದ್ದ.
ಕಾನೂನಿನಲ್ಲಿ ಊದುವವರಿಗೆ ಬೇರೆ ಕಲಮು ಇರಲಿಲ್ಲ.
ಬರೆದೆ: ಹೆಸರು, ತಂದೆ ಹೆಸರು, ಬಾಯಿ ತೆರೆದಿತ್ತು.
"ಅಡ್ವಾನ್ಸ್ ಕೊಟ್ಟಿಲ್ಲ, ನಾಳಿಕ್ ಬತ್ತೀನಿ" ಎಂದು
ರಸೀದಿ ಮಡಿಸಿ ಟೋಪಿಯೊಳಗಿಟ್ಟ.
ನಾಳೆ ತಾನೇ ಎಂದು ನೂರು ತುಂಬಿದೆ.
ಮುಹೂರ್ತಕ್ಕೆ ಊದಿದ. ಚೆನ್ನಾಗಿ ಊದಿದ.

ಮಾರನೇ ದಿನ ನನ್ನನ್ನು
ವರ್ಷಾಂತ್ಯದ ನೀರಿನ ಬಾಕಿಗೆ ವಾಪಸ್ಸು ಕರೆದರು,
ಪುಸ್ತಕ ಬೀರು ಸೇರಿತು.
ಅವನು ಬಂದಿದ್ದನೋ ಇಲ್ಲವೋ ತಿಳಿಯದು.

ಆಮೇಲಿನದು ನಿಮಗೂ ಗೊತ್ತು.
ಮಂಚಗಳು ಅದೇ ಲಾರಿಯಲ್ಲಿ ಹಿಂತಿರುಗಿದವು,
ಡ್ರೈವರು ಬೇರೆ.
ಈಗ ಯಾರಿಗೂ ಹೇಳಬೇಕಿರಲಿಲ್ಲ, ಎರಡೆರಡು ಮಾಸ್ಕು.
ನನ್ನನ್ನು ಚಿತಾಗಾರದ ಗೇಟಿಗೆ ಕೂರಿಸಿದರು.
ಹೊಸ ಪುಸ್ತಕ ಅಚ್ಚಾಗಿ ಬರುವ ತನಕ
ಹಳದಿ ರಟ್ಟಿನದರಲ್ಲೇ
'ದಂಡ' ಹೊಡೆದು 'ದಹನ' ಎಂದು ತಿದ್ದಿಕೊಂಡೆ.
ಕಾರ್ಬನ್ ಸವೆದಿತ್ತು,
ಅಡಿಯ ಪ್ರತಿಯಲ್ಲಿ ಹೆಸರು ಮೂಡುತ್ತಿರಲಿಲ್ಲ.

೮೯೪ ಬರೆಯುವಾಗ ಹುಡುಗನೊಬ್ಬ
ಗುರುತಿಗೆ ಬೇರೇನೂ ಸಿಗಲಿಲ್ಲವೆಂದು
ಮಡಿಸಿದ ಚೀಟಿ ಚಾಚಿದ.
ನನ್ನದೇ ಅಕ್ಷರ.
ಹೆಸರು, ತಂದೆ ಹೆಸರು ನೋಡಿಕೊಂಡು ಬರೆದೆ.
"ಬ್ಯಾಂಡಿನ ಕೋಟು ಹಾಕ್ಬೌದಾ ಸಾ?"
ಚೀಲ ಬಿಚ್ಚುವಂತಿಲ್ಲ ಎಂದೆ.
ಕೋಟನ್ನು ತೋಳ ಮೇಲೆ ಹಾಕಿಕೊಂಡು
ಸಾಲಿನಲ್ಲಿ ಹಿಂದಕ್ಕೆ ನಿಂತ.

ಮುಂದಿನ ವರ್ಷ ಆಡಿಟ್ ಬಂತು.
ಮಂಚಗಳ ಬಗ್ಗೆ ಕೇಳಲಿಲ್ಲ, ಎಲೆಗಳ ಬಗ್ಗೆಯೂ.
ಆಕ್ಷೇಪಣೆ ಒಂದೇ:
ರಸೀದಿ ೮೬೧, ನೂರು ರೂಪಾಯಿ ಜಮೆ ಕಾಣುವುದಿಲ್ಲ,
ಸಂಬಂಧಪಟ್ಟ ನೌಕರನಿಂದ ವಸೂಲು ಮಾಡತಕ್ಕದ್ದು.

ಕಟ್ಟಲು ಹೋದೆ.
ಕೌಂಟರಿನ ಹುಡುಗಿಗೆ ಮಾಸ್ಕಿರಲಿಲ್ಲ, ನನಗೂ.
ಯಾರ ಹೆಸರಿಗೆ ಎಂದಳು. ಕೆಂಪನಂಜಯ್ಯ ಎಂದೆ.
ಯಾವ ಬಾಬ್ತು ಎಂದಳು.
ನಾನು ಯೋಚಿಸುವಷ್ಟರಲ್ಲಿ
'ಇತರೆ' ಎಂದು ಬರೆದು
ಹರಿದು ಕೊಟ್ಟಳು.