ಹಲ್ಲಿನ ಕ್ಯಾಮೆರಾ

ಊರ ಹೆಸರು ಹಲ್. ಕೆಲಸ ಹಲ್ಲಿನ ದವಾಖಾನೆಯಲ್ಲಿ.
ಫೋನಿನಲ್ಲಿ ಹೇಳಿದಾಗಲೆಲ್ಲ ಚಿಕ್ಕಮ್ಮ ನಗುತ್ತಾಳೆ,
ಅವಳ ಬಾಯಲ್ಲಿ ಉಳಿದದ್ದು ನಾಲ್ಕೇ.

ದಿನಕ್ಕೆ ಇಪ್ಪತ್ತು ಬಾಯಿ.
ಕೆನ್ನೆ ಅಗಲಿಸಿ, ಪುಟ್ಟ ಕನ್ನಡಿ ಒಳಗಿಟ್ಟು,
ಲೆನ್ಸಿನ ಸುತ್ತ ಬಳೆಯಂತೆ ಕೂತ ಫ್ಲ್ಯಾಶಿನಲ್ಲಿ
ಹುಳುಕು ಹಿಡಿಯುತ್ತೇನೆ.
ಹುಳುಕಿನಲ್ಲಿ ಹುಳು ಇರುವುದಿಲ್ಲ ಚಿಕ್ಕಮ್ಮಾ
ಎಂದರೆ ಅವಳು ಈಗಲೂ ನಂಬುವುದಿಲ್ಲ.

ಹೊಸ ಕ್ಯಾಮೆರಾ ಬಂದ ದಿನ ಡಾಕ್ಟರ್ ಪ್ರಾಕ್ಟರ್
ಹಳೆಯದನ್ನು ನನ್ನ ಕೈಗಿಟ್ಟರು:
ಒಯ್ಯಿ, ಮಕ್ಕಳ ಫೋಟೋ ತೆಗಿ.
ನನ್ನ ಮಕ್ಕಳು ಬಾಯಿ ತೆರೆದರೆ ಬರೀ ಜಗಳ.
ಆಗ ಕುರ್ಚಿಯಲ್ಲಿದ್ದವಳು ವಿನಿಫ್ರೆಡ್,
ಎಂಬತ್ತೆರಡು ವರ್ಷ, ದವಡೆಯ ತುಂಬ ಹತ್ತಿ.
ಹತ್ತಿ ಉಗುಳಿ ಕೇಳಿದಳು:
"ಅದಕ್ಕೆ ಪತಂಗ ಕಾಣುತ್ತದಾ?"

ಅವಳ ಹಿತ್ತಲಲ್ಲೊಂದು ಮರದ ಪೆಟ್ಟಿಗೆ,
ಪೆಟ್ಟಿಗೆಯ ನೆತ್ತಿಗೊಂದು ನೀಲಿ ಬಲ್ಬು.
ಒಳಗೆ ಮೊಟ್ಟೆಯ ರಟ್ಟಿನ ತಟ್ಟೆ ಜೋಡಿಸಿಟ್ಟರೆ
ಬೆಳಕಿಗೆ ಬಂದವು ಗುಳಿಗೊಂದರಂತೆ ನಿದ್ದೆ ಹೋಗುತ್ತವೆ.
ನಸುಕಿಗೆ ಎಣಿಸುವುದು, ಬರೆಯುವುದು, ಪೊದೆಗೆ ಬಿಡುವುದು.
ಐವತ್ತೊಂದು ವರ್ಷದ ಲೆಕ್ಕ, ಹನ್ನೆರಡು ನೋಟ್‌ಬುಕ್ಕು.
ಈಗ ಕಣ್ಣಿನ ನಟ್ಟನಡುವೆ ಆಪರೇಷನ್ನಿಗೆ ಬಗ್ಗದ ಮಸುಕು.
ನೇರ ನೋಡಿದ್ದು ಮಾಯ. ಅಂಚಿಗಿದ್ದದ್ದು ಉಂಟು.

ಅಂದಿನಿಂದ ಶನಿವಾರ ನಾಲ್ಕೂವರೆಗೆ ಏಳುತ್ತೇನೆ.
ಹಂಬರ್ ಕಡೆಯಿಂದ ಕೆಸರಿನ ಗಾಳಿ.
ತೊಟ್ಟಿಲಿಂದ ಕೂಸು ಎತ್ತುವಂತೆ ಅವಳು ತಟ್ಟೆ ಎತ್ತುತ್ತಾಳೆ.
ನಾನು ಮೊಣಕಾಲೂರಿ, ಉಸಿರು ಕಟ್ಟಿ,
ಒಮ್ಮೆ ರೂಢಿಯಲ್ಲಿ "ಇನ್ನಷ್ಟು ಅಗಲ, ಪ್ಲೀಸ್" ಎಂದುಬಿಟ್ಟೆ.
ಪತಂಗ ರೆಕ್ಕೆ ತೆರೆಯಿತು.

ತಟ್ಟೆ ಬೇಕೆಂದು ಮೊಟ್ಟೆ ತಿನ್ನುವ ಮನೆ
ಭೂಮಿಯ ಮೇಲೆ ಇದೊಂದೇ, ಎನ್ನುತ್ತಾನೆ ದ್ಯಾಮಣ್ಣ.
ಎರಡು ದೋಣಿಗೆ ಕಾಲಿಟ್ಟವರ ಕಥೆ ಗೊತ್ತಲ್ಲ,
ನೀನು ನಾಲ್ಕಕ್ಕೆ ಇಟ್ಟಿದ್ದೀ.
ಬಂದರಿಗೆ ಕರೆದುಕೊಂಡು ಹೋಗಿ ತೋರಿಸಿದೆ:
ದೋಣಿಗೆ ದೋಣಿ ಹಗ್ಗ ಬಿಗಿದು ನಿಲ್ಲಿಸಿದ್ದರು,
ಒಬ್ಬ ಚಹಾದ ಲೋಟ ಹಿಡಿದು
ಮೂರನ್ನೂ ದಾಟಿ ನಾಲ್ಕನೆಯದಕ್ಕೆ ನಡೆದು ಹೋದ.
ದ್ಯಾಮಣ್ಣ ಏನೂ ಅನ್ನಲಿಲ್ಲ. ಚಿಪ್ಸ್ ಕೊಡಿಸಿದ.

ಪರದೆಯ ಮೇಲೆ ಹಿಗ್ಗಿಸುತ್ತ ಹೋದರೆ
ರೆಕ್ಕೆ ಒಡೆದು ಚೌಕ ಚೌಕ.
ಚೌಕವಾದರೆ ಎಣಿಸಬಹುದು.
ಎಣಿಸಬಹುದಾದರೆ ಹೊಲಿಯಬಹುದು.
ಚಿಕ್ಕಮ್ಮನ ಕಸೂತಿಯಲ್ಲಿ ಆನೆಯಿತ್ತು, ಗೋಪುರವಿತ್ತು,
ತುಳಸಿಕಟ್ಟೆಯಿತ್ತು. ಪತಂಗ ಇರಲಿಲ್ಲ.
ಕರಿ ಇಳಕಲ್ ಸೀರೆಯ ತುಂಡಿಗೆ
ಮೊದಲನೆಯದನ್ನು ನಾನು ಕೂರಿಸಿದೆ. ಗವಂತಿ ಹೊಲಿಗೆ:
ಹೋಗುವಾಗ ಒಂದು ಬಿಟ್ಟು ಒಂದು,
ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ.
ಫೋಟೋಕ್ಕೆ ಬೆನ್ನಿಲ್ಲ,
ಇದಕ್ಕೆ ಹಿಂದೂ ಮುಂದೂ ಒಂದೇ, ಗಂಟು ಕಾಣಬಾರದು.

ವಿನಿಫ್ರೆಡ್ ಕಣ್ಣು ಮುಚ್ಚಿ ಬೆರಳಾಡಿಸಿದಳು.
ಮೀಸೆ. ಭುಜದ ಉಬ್ಬು. ಅಂಚಿನ ಹಲ್ಲುಹಲ್ಲು.
ಹೆಸರು ಹೇಳಿಬಿಟ್ಟಳು.
ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದೆ.

ಜುಲೈನಲ್ಲೊಂದು ಬಂತು, ಕಂದಿನ ಮೇಲೆ ಕಂದು.
ಅದಕ್ಕೆ ಇವರಿಟ್ಟ ಹೆಸರೇ ಅನ್‌ಸರ್ಟನ್,
ಖಾತ್ರಿಯಿಲ್ಲದ್ದು.
ಥೇಟ್ ಅದರಂಥದೇ ಇನ್ನೊಂದಿದೆ, ರಸ್ಟಿಕ್, ಹಳ್ಳಿಗ.
ಖಾತ್ರಿ ಬೇಕಾದರೆ ಕೊಂದು, ಕೊಯ್ದು, ಬಾಲದ ತುದಿ ನೋಡಬೇಕು.
ನಲವತ್ತು ಫೋಟೋ ತೆಗೆದೆ.
ಹಲ್ಲಿನ ಬೇರಿನ ಬಿರುಕು ಬಿಡದ ಲೆನ್ಸು
ಇಲ್ಲಿ ಬಾಯಿ ಮುಚ್ಚಿತು.

ಬಿಡು ಅದನ್ನ, ಎಂದಳು. ಬರಿ.
ಏನಂತ ಬರೀಲಿ?
ನಿನ್ನ ಭಾಷೇಲಿ ಏನಂತಾರೋ ಅದನ್ನ.
ಹನ್ನೆರಡನೆಯ ನೋಟ್‌ಬುಕ್ಕಿನಲ್ಲಿ, ತಾರೀಖಿನ ಮುಂದೆ,
ಮೊದಲ ಸಲ ಕನ್ನಡ: ಇದ್ದರೂ ಇರಬಹುದು.

ಅದನ್ನೂ ಹೊಲಿದೆ.
ಹೋಗುವ ದಾರಿ ಮುಗಿದಿದೆ, ಒಂದು ಬಿಟ್ಟು ಒಂದು.
ಸೂಜಿ ರೆಕ್ಕೆಯ ತುದಿಯಲ್ಲೇ ಚುಚ್ಚಿದೆ, ದಾರವೂ ಉಳಿದಿದೆ.
ನಾಳೆ ಸೋಮವಾರ,
ಎಂಟೂಕಾಲಿಗೆ ಮೊದಲ ಬಾಯಿ.