ಹದಿನೇಳನೆಯ ನಿಮಿಷ

ಮಾಮೂಲ್‌ಪೇಟೆಯಲ್ಲಿ ತೂಕಕ್ಕೆ ಕೊಂಡ ಚಾಕೊಲೇಟಿನ ಹಲಗೆ
ಮತ್ತಿಕೆರೆ ಮುಟ್ಟುವಷ್ಟರಲ್ಲಿ
ಬಸ್ಸಿನ ಸೆಕೆಗೆ ಮೂಲೆ ಮೆತ್ತಗಾಗಿತ್ತು.
ಚಾಕು ಇಳಿಸಿದರೆ ಚೂರಾಗದೆ ಬಾಗಿತು.
'ಇದೇನು, ಕೀಲೆಣ್ಣೆಯಾ?' ಅಂದರು ಅಪ್ಪ.
ಬೆರಳಿಗೆ ಹತ್ತಿದ್ದನ್ನು ನೆಕ್ಕಿ, ಮುಖ ಕಿವುಚಿ,
'ಕಹಿ.'
ಆಮೇಲೆ ಇನ್ನೊಮ್ಮೆ ನೆಕ್ಕಿದರು.

ಭಟ್ಟಿ ಚಲುವಯ್ಯ ಅಂದರೆ ಇವರೇ.
ಮೂವತ್ತೊಂದು ವರ್ಷ ಸೌಮ್ಯಕೇಶವ ಬೇಕರಿಯ ಹಿಂಬದಿಯಲ್ಲಿ
ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಂತವರು.
ಖಾರದ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದು.
ಬ್ರೆಡ್ಡಿನ ಬೆನ್ನು ತಟ್ಟಿ,
ಪಕ್ಕದ ಮನೆಯ ಬಾಗಿಲು ತಟ್ಟಿದವರ ಹಾಗೆ ಕಿವಿಗೊಟ್ಟು,
'ಹಾಂ, ಆಯ್ತು' ಅನ್ನುತ್ತಿದ್ದವರು.
ಮೊಳಕೈವರೆಗೂ ಸುಟ್ಟ ಗೆರೆಗಳು.
ನಾನು ಎಣಿಕೆ ಕಲಿತದ್ದು ಅವುಗಳ ಮೇಲೆ ಬೆರಳಿಟ್ಟು.

ಹೋದ ಯುಗಾದಿಗೆ ಅಂಗಡಿ ಮುಚ್ಚಿತು.
ಆ ಜಾಗದಲ್ಲೀಗ ಕನ್ನಡಕ ಮಾರುತ್ತಾರೆ.
ಅಪ್ಪನಿಗೆ ಮಾತ್ರ ಬೆಳಗಿನ ಮೂರಕ್ಕೇ ಎಚ್ಚರ.
ಎದ್ದು, ಮಾಡಲು ಏನೂ ಇಲ್ಲದೆ,
ಗ್ಯಾಸಿನ ಒಲೆ ಒರೆಸಿ ಮತ್ತೆ ಮಲಗುತ್ತಾರೆ.

ನನ್ನದು ಮೊದಲ ಆರ್ಡರು. ಹದಿನಾರು ಬ್ರೌನಿ,
ಎದುರು ಬೀದಿಯ ಡಾಕ್ಟರ್ ನಫೀಸಾ ಮನೆಯ ಹುಟ್ಟುಹಬ್ಬಕ್ಕೆ.
ಹಲ್ಲಿನ ಡಾಕ್ಟರು ಅವರು. ಅಪ್ಪ ಅದಕ್ಕೆ ನಕ್ಕದ್ದೇ ನಕ್ಕದ್ದು.
ಮೊಟ್ಟೆ ಒಡೆದಾಗ ಮಾತ್ರ ಮುಖ ತಿರುಗಿಸಿದರು.
ತಿನ್ನುವುದಕ್ಕೆ ತಕರಾರಿಲ್ಲ, ಭಾನುವಾರ ಎರಡು ಆಮ್ಲೆಟ್ ಬೇಕು;
ಹಿಟ್ಟಿಗೆ ಬೀಳುವುದನ್ನು ಕಣ್ಣು ಒಪ್ಪುವುದಿಲ್ಲ.
'ನಮ್ಮ ಅಯ್ಯಂಗಾರ್ರು ನೋಡಿದ್ದಿದ್ರೆ
ಭಟ್ಟಿಗೇ ತಲೆಗೆ ನೀರು ಹಾಕಿಸ್ತಿದ್ರು.'

'ಇಷ್ಟೇನಾ ಮೈದಾ? ಇದು ಎದ್ದು ನಿಲ್ಲಲ್ಲ ಕಣಮ್ಮ.'
'ನಿಲ್ಲಬಾರದು ಅಪ್ಪ.'
'ನಿಲ್ಲದೇ ಇರೋದನ್ನ ಯಾಕೆ ಮಾಡ್ತೀಯ?'

ಉತ್ತರ ಹೇಳದೆ ತಟ್ಟೆಯನ್ನು ಓವನ್ನಿಗೆ ತಳ್ಳಿದೆ.
ಹಳೇ ಟೀವಿಯಷ್ಟೂ ಇಲ್ಲದ ಓವನ್ನು, ಇನ್ನೂ ಏಳು ಕಂತು ಬಾಕಿ.
ಹದಿನೇಳನೆಯ ನಿಮಿಷಕ್ಕೆ ಬೀದಿ ತುದಿಯ ಟ್ರಾನ್ಸ್‌ಫಾರ್ಮರ್
ಢಮ್ ಎಂದಿತು.
ಫ್ಯಾನು ಸುಸ್ತಾಗಿ ನಿಂತಿತು.
ಗಾಜಿನೊಳಗಿನ ಕೆಂಪು ಸರಳು
ಬೆಕ್ಕು ಕಣ್ಣು ಮುಚ್ಚಿದ ಹಾಗೆ ಮುಚ್ಚಿತು.
ಕೈ ಹಿಡಿಕೆಗೆ ಹೋಯಿತು.

'ಬಾಗಿಲು ಮುಟ್ಬೇಡ.'

ಅದು ಮನೆಯ ದನಿಯಲ್ಲ.
ಎದ್ದು ಬಂದರು, ಕತ್ತಲಲ್ಲಿ ಕುರ್ಚಿಗೆ ಎಡವದೆ.
ಗಾಜಿನ ಹತ್ತಿರ ಅಂಗೈ ಹಿಡಿದರು, ಸೋಕಿಸದೆ,
ನಿದ್ದೆ ಹೋದ ಜ್ವರದ ಮಗುವಿಗೆ ಹಿಡಿಯುವ ಹಾಗೆ.
'ಸೌದೆ ಎಳೆದ ಮೇಲೂ ಭಟ್ಟಿ ಬೇಯಿಸ್ತದೆ.
ರಸ್ಕು ಆಗೋದೇ ಹಂಗೆ, ರಾತ್ರಿಯೆಲ್ಲ, ಬೆಂಕಿ ಇಲ್ದೆ.
ಕಾವಿಗೆ ಕಳ್ಳ ಅಂದ್ರೆ ಬಾಗಿಲು ತೆಗೆಯೋನೇ.'

ಹೊರಗೆ ಬೀದಿಯವರೆಲ್ಲ ಮೆಟ್ಟಿಲಿಗೆ ಬಂದು
ಬೆಸ್ಕಾಮಿಗೆ ಬೈಯುತ್ತಿದ್ದರು.
ಒಳಗೆ ನಾವಿಬ್ಬರು, ಮೂಗು ಮಾತ್ರ.
ಮೊದಲು ಬೆಣ್ಣೆ ಕಾಯುವ ವಾಸನೆ ಬಂತು,
ಹಿಂದೆಯೇ ಹುರಿದ ಬೀಜದ್ದು, ಕಾಫಿ ಅಂಗಡಿ ಮುಂದೆ ಹಾದಂತೆ.
ಆಮೇಲೆ ಒಂದು ಗಳಿಗೆ ಏನೂ ಇಲ್ಲ.
'ಈಗ,' ಅಂದರು.

ಮೊಬೈಲಿನ ಬೆಳಕಲ್ಲಿ ಕಂಡದ್ದು:
ಒಣಗಿದ ಕೆನೆಯಂತೆ ಮೇಲೊಂದು ತೆಳು ಹೊಳಪು, ಅಲ್ಲಲ್ಲಿ ಒಡೆದು.
ಪೊರಕೆಕಡ್ಡಿ ತೊಳೆದು ನಡುವೆ ಚುಚ್ಚಿದರು.
ಹಸಿ ಹಸಿ ಮೆತ್ತಿಕೊಂಡು ಬಂತು.
'ಬೆಂದಿಲ್ಲ.'
'ಬೆಂದಿದೆ ಅಪ್ಪ. ಇದು ಹೀಗೇ.'
'ಕಡ್ಡಿ ಸುಳ್ಳು ಹೇಳಲ್ಲ.'
'ಹೇಳ್ತಿಲ್ಲ.'
ಇಬ್ಬರೂ ಕಡ್ಡಿಯನ್ನೇ ನೋಡುತ್ತ ನಿಂತೆವು.
ಆರುವವರೆಗೆ ಕೊಯ್ಯಬಾರದು ಎಂಬುದೊಂದರಲ್ಲಿ
ಇಬ್ಬರ ಕಸುಬೂ ಒಂದೇ. ಮುಚ್ಚಿಟ್ಟು ಮಲಗಿದೆವು.

ಬೆಳಗಿನ ಮೂರಕ್ಕೆ ಅಡುಗೆಮನೆಯಲ್ಲಿ ಚಾಕು ಸದ್ದು.
ಬೆಳಗಾಗಿ ನೋಡಿದರೆ ಒಲೆ ಎಂದಿನಂತೆ ಥಳಥಳ,
ತಟ್ಟೆಯಲ್ಲಿ ನಾಲ್ಕನೆಯ ಮೂಲೆ ಇಲ್ಲ.

ಪೇಪರಿನ ಹಿಂದಿನಿಂದಲೇ ಅಂದರು:
'ಮೂಲೆ ಬೆಂದಿತ್ತು.
ನಡುವಿನದು ನಿಂದು. ನಂಗೊತ್ತಿಲ್ಲ.'

ಡಾಕ್ಟರ್ ನಫೀಸಾಗೆ ಹದಿನೈದರ ದುಡ್ಡೇ ಹೇಳಿದೆ.